ಮುತ್ಯಾನಿಗೆ ಬೈಯುವವರು ಯಾರು?

ತೊಟ್ಟಿಲು

ಮೊಮ್ಮಗನ ತೊಟ್ಟಿಲ ಮುಂದೆ ನನ್ನ ಹೆಂಡತಿ ಸೊಸೆಯ ಕೈ ಹಿಡಿದು ನಿಲ್ಲಿಸಿದಳು.

"ಬ್ಯಾರೆ ಹೆಸರ ಇಟ್ರ ನಾ ತೊಟ್ಟಿಲ ತೂಗೂದಿಲ್ಲ."

ಸೊಸೆ ವಿಜಯಪುರದವಳು. ಮೊಬೈಲ್‌ನಲ್ಲಿ ಹುಡುಕಿ ಎರಡಕ್ಷರದ ಚೆಂದದ ಹೆಸರೊಂದನ್ನು ತೆಗೆದಿಟ್ಟಿದ್ದಳು.

"ಮತ್ತ ಯಾವ ಹೆಸರ ಇಡೂಣ್ರಿ ಅತ್ತಿ?"

"ಅದ."

"ಅದ ಅಂದ್ರ?"

"ಅದ ಬೇ. ಗ್ವಾಡಿ ಮ್ಯಾಲ ಅದಾರಲ್ಲ, ಅವರದು."

ಗೋಡೆಯ ಮೇಲೆ ನಮ್ಮಪ್ಪನ ಫೋಟೋ ಇತ್ತು. ಮದುವೆಯಾದಾಗಿನಿಂದ ಅವಳು ಮಾವನ ಹೆಸರನ್ನು ಬಾಯಿಂದ ಅಂದವಳಲ್ಲ. ಅಪ್ಪ ತೀರಿಹೋದ ಮೇಲೂ ಅನ್ನಲಿಲ್ಲ. ಈಗ ಅನ್ನಲಾಗದ ಹೆಸರಿಗಾಗಿ ಜಗಳಕ್ಕೆ ನಿಂತಿದ್ದಳು. ಕಾರಣವಿತ್ತು. ಅವಳು ಟಿಕೋಟಾದ ಈ ಮನೆಗೆ ಬಂದ ದಿನದಿಂದ ಅಪ್ಪ ಅವಳನ್ನು "ಯವ್ವಾ" ಎಂದೇ ಕರೆದ. ಉಳಿದವರೆಲ್ಲ "ಏ" ಅಂದೆವು.

ಸೊಸೆ ಫೋಟೋ ನೋಡಿದಳು, ಅತ್ತೆಯನ್ನು ನೋಡಿದಳು, ಮೊಬೈಲ್ ಒಳಗಿಟ್ಟಳು. ನನ್ನ ಮಗಳು ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಕರೆದಳು. ಪದ್ಧತಿಯಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದಿದರು.

"ಏನ ಹೆಸರ ಇಟ್ರಿ?" ಎಂದು ಮಗ್ಗಲ ಮನೆಯವಳು ಕೇಳಿದಳು.

ಗೆದ್ದ ಅತ್ತೆ ಸೊಸೆಯ ಮುಖ ನೋಡಿದಳು. ಸೊಸೆ ಸೆರಗು ಸರಿಮಾಡಿಕೊಂಡಳು. "ದೊಡ್ಡವರ ಹೆಸರ ನಾ ಹೆಂಗ ಹೇಳ್ಲಿರಿ?"

ನಾನೇ ಹೇಳಬೇಕಾಯಿತು. ಬಸಪ್ಪ.

ಸೆರಗು

ಹೆಸರಿನ ಹಿಂದೆ ಮರ್ಯಾದೆಯೂ ಬಂತು.

ಅವನು ಅಂಬೆಗಾಲಿಟ್ಟು ಅಡುಗೆಮನೆಗೆ ಬಂದರೆ ನನ್ನ ಹೆಂಡತಿ ತಲೆ ಮೇಲೆ ಸೆರಗು ಎಳೆದುಕೊಳ್ಳುವಳು. ನನ್ನ ಮಗ ತನ್ನ ಅಜ್ಜನನ್ನು ಮುತ್ಯಾ ಎನ್ನುತ್ತಿದ್ದ. ಈಗ ತನ್ನ ಮಗನನ್ನೂ ಮುತ್ಯಾ ಎಂದ. "ಮುತ್ಯಾ, ಚಡ್ಡಿ ಹಾಕ್ಕೋರಿ." ಸೊಸೆ ಅವನ ಹಿಂದೆ ಬಟ್ಟಲು ಹಿಡಿದು ಓಡುವಳು. "ಇನ್ನೊಂದ ತುತ್ತ ಉಣ್ರಿ ಮುತ್ಯಾ."

ಓಣಿಯವರು ನಕ್ಕರು. ಮನೆಯ ಹೆಂಗಸರು ಕದಲಲಿಲ್ಲ. ಹೆಸರು ಇಟ್ಟ ಮೇಲೆ ಅದಕ್ಕೆ ತಕ್ಕಂತೆ ನಡೆಯಬೇಕು. ಅವರು ನಡೆದರು. ಅಷ್ಟು ಗಟ್ಟಿತನ ನನಗಿಲ್ಲ ಎಂದುಕೊಂಡಿದ್ದೆ.

ಒಂದು ದಿನ ಕಟ್ಟೆಯ ಮೇಲೆ ಕುಳಿತು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದೆ. ಅಪ್ಪನ ಮುಂದೆ ನಾನು ಎಂದೂ ತಂಬಾಕು ತಿಂದವನಲ್ಲ. ಇವನು ತೆವಳಿ ಬಂದು ಎದುರು ಕುಳಿತು ನೋಡಿದ.

ನಾನು ಎದ್ದು ಹಿತ್ತಲಿಗೆ ಹೋದೆ.

ದವಾಖಾನೆ

ಸೂಜಿ ಹಾಕಿಸಲು ವಿಜಯಪುರಕ್ಕೆ ಒಯ್ದೆವು. ನಾನು ಮೋಟರ್ ಸೈಕಲ್ ನಿಲ್ಲಿಸಲು ಹೋದೆ. ಒಳಗೆ ನರ್ಸು ನನ್ನ ಹೆಂಡತಿಯನ್ನು ಕೇಳಿದಳು.

"ಹುಡುಗನ ಹೆಸರೇನ್ರಿ?"

"ನಾ ಹೇಳೂದಿಲ್ರಿ."

"ಯಾಕ? ನಿಮ್ಮ ಕೂಸ ಅಲ್ಲೇನು?"

"ನಮ್ದರಿ."

"ನಿಮಗೇನಾಗಬೇಕು?"

"ಮೊಮ್ಮಗ. ಹಂಗ ನೋಡಿದ್ರ ಮಾವನೋರು."

ನರ್ಸು ಅವಳ ತೊಡೆಯ ಕಡೆ ನೋಡಿದಳು. ಮಾವನವರು ಬಾಟಲಿ ಹಾಲು ಕುಡಿಯುತ್ತಿದ್ದರು.

ನಾನು ಬಾಗಿಲಿಗೆ ಬರುವಷ್ಟರಲ್ಲಿ ಕಾವಲಿನವನು ಅಡ್ಡ ನಿಂತಿದ್ದ. "ಈ ಕೂಸಿಗೆ ನೀವ್ಯಾರ್ರಿ?"

ಮಗ ಎಂದುಬಿಟ್ಟೆ.

ಅಂಗನವಾಡಿ

ಅಂಗನವಾಡಿಯ ಟೀಚರ್ ಮನೆಗೆ ಬಂದಳು.

"ಹುಡುಗ ಬಾಳ ಚಲೋ ಅದಾನ್ರಿ. ಖರೇ, ಬಾ ಅಂದ್ರ ಬರೂದಿಲ್ಲ. ಬರ್ರಿ ಅನಬೇಕು. ಕೂಡು ಅಂದ್ರ ನಿಂತ ಇರ್ತಾನ."

ಅವನ ತಪ್ಪಲ್ಲ. ಅವನು ಬೇರೆ ಮಾತು ಕೇಳಿರಲಿಲ್ಲ. ತನ್ನ ಬಗ್ಗೆ ತಾನೂ ಹಾಗೆಯೇ ಮಾತಾಡುತ್ತಿದ್ದ. ಬಿದ್ದರೆ "ಮುತ್ಯಾರು ಬಿದ್ದಾರ" ಎಂದು ಅಳುತ್ತಿದ್ದ.

"ನಿನ್ನೆ ಬಂದು 'ಟೀಚರ್, ಮುತ್ಯಾರು ಚಡ್ಡ್ಯಾಗ ಮಾಡ್ಕೊಂಡಾರ' ಅಂದ್ರಿ," ಎಂದಳು ಟೀಚರ್. "ಯಾರೋ ವಯಸ್ಸಾದವರು ಬಂದಾರಂತ ನಾ ನೀರಿನ ತಂಬಿಗಿ ತಗೊಂಡು ಹೊರಗ ಓಡಿದ್ನಿ."

ಹೊಂಡ

ಆಮೇಲೆ ನಗು ನಿಂತಿತು.

ಮನೆಗೆ ಹತ್ತಿಕೊಂಡಿರುವ ನಮ್ಮ ದ್ರಾಕ್ಷಿ ತೋಟದಲ್ಲಿ ನೀರು ಹಿಡಿಯುವ ಹೊಂಡವಿದೆ. ಒಳಗೆ ಪ್ಲಾಸ್ಟಿಕ್ ಹಾಸಿದೆ. ಜಾರಿದರೆ ದೊಡ್ಡವರೂ ಹತ್ತಿ ಬರಲಾರರು. ಅವನು ಅದರ ಏರಿಯ ಮೇಲೆ ನಿಂತು ಕಲ್ಲು ಒಗೆಯುವುದು ಕಲಿತ. ತಂತಿ ಹಾಕಿಸಿದೆವು. ಕೆಳಗಿನಿಂದ ನುಸುಳಿ ಹೋದ.

"ಹೋಗಬ್ಯಾಡ್ರಿ ಮುತ್ಯಾ," ಎಂದಳು ಸೊಸೆ. ಹೋದ. "ಬರ್ರಿ, ಬೆಲ್ಲ ಕೊಡ್ತೀನಿ," ಎಂದಳು ನನ್ನ ಹೆಂಡತಿ. ಬಂದು ಬೆಲ್ಲ ತಿಂದು ಮತ್ತೆ ಹೋದ. ಒಂದು ಸಂಜೆ ಅವನ ಒಂದು ಕಾಲು ಪ್ಲಾಸ್ಟಿಕ್ ಮೇಲಿತ್ತು. ಲೇ ಎನ್ನಲು ಬಾಯಿ ತೆರೆದೆ. "ಯಪ್ಪಾ" ಎಂದು ಬಂತು. ಓಡಿ ರಟ್ಟೆ ಹಿಡಿದು ಎತ್ತಿಕೊಂಡೆ. ಅವನು ನಗುತ್ತಿದ್ದ.

ಹೆಂಡತಿ ಸೆರಗಿನಿಂದ ಅವನ ಕಾಲು ಒರೆಸಿದಳು. ಆಮೇಲೆ ಅಂದಳು.

"ಇವರಿಗೆ ಬೈಯಾವ್ರು ಒಬ್ಬರ ಉಳದಾರ. ನಿಡೋಣಿ ಅತ್ತಿನ್ನ ಕರಸ್ರಿ."

ನಿಡೋಣಿಯ ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ತೊಂಬತ್ತು ದಾಟಿದೆ. ನಡು ಬಾಗಿದೆ, ದನಿ ಬಾಗಿಲ್ಲ. ನಮ್ಮಪ್ಪನಿಗೆ ಲೇ ಎಂದವರಲ್ಲಿ ಭೂಮಿಯ ಮೇಲೆ ಉಳಿದವಳು ಅವಳೊಬ್ಬಳೇ.

ಮರುದಿನ ಮಗ ಟಂಟಂ ಆಟೋ ಒಯ್ದು ಕರೆತಂದ. ಅವಳು ಇಳಿಯುವಾಗ ಇವನು ಏರಿಯ ಮೇಲಿದ್ದ. ಅತ್ತೆ ಹಣೆಗೆ ಕೈ ಹಚ್ಚಿ ನೋಡಿದಳು.

"ಲೇ ಬಸ್ಯಾ! ಇಳೀತಿಯೋ, ನಾ ಬರ್ಲ್ಯೋ?"

ಯಾರನ್ನು ಕರೆದಳೆಂದು ಅವನು ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಇಳಿದು ಬಂದ. ಅತ್ತೆ ಕಿವಿ ಹಿಡಿದಳು. ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡಳು.

"ಹಳ್ಳದಾಗ ಮುಳಗಿದಾಗ ನಿನ್ನ ಜುಟ್ಟ ಹಿಡದು ಎಳದ್ನಿ. ಮರತಿಯೇನೋ ಭಾಡ್ಯಾ? ಈಗ ಬಿದ್ರ ಎಳಿಯಾಕ ನನ್ನ ಕೈಯಾಗ ಕಸುವಿಲ್ಲ. ಆ ಕಡಿ ಹೋಗತಿ?"

"ಇಲ್ಲ."

ಅಪ್ಪ ಹಳ್ಳದಲ್ಲಿ ಮುಳುಗಿದ್ದು ನನಗೆ ಗೊತ್ತಿರಲಿಲ್ಲ. ಅತ್ತೆ ಕಿವಿ ಬಿಡಲಿಲ್ಲ.

"ಇನ್ನೊಂದು. ನೀ ಹ್ವಾದಮ್ಯಾಲ ಪಂಚಮಿಗೆ ನನ್ನ ತವರಿಗೆ ಕರಿಯಾಕ ಒಬ್ಬನರ ಬಂದಾನೇನೋ?"

ನಾನು ನೆಲ ನೋಡಿದೆ. ಮಗ ಟಂಟಂದ ಗಾಲಿ ನೋಡಿದ. ಹುಡುಗನೂ ಟಂಟಂ ನೋಡಿದ.

"ಇದರಾಗ ಬರಬೇಕೇನ?" ಎಂದು ಕೇಳಿದ.

"ಯಾವುದರಾಗರ ಬಾರೋ."

"ಬರ್ತೀನಿ."

ಅತ್ತೆ ಕಿವಿ ಬಿಟ್ಟಳು. ಅವನ ತಲೆ ನೇವರಿಸಿ, ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡಳು. ಆಮೇಲೆ ನಮ್ಮ ಕಡೆ ತಿರುಗಿದಳು. "ನೀವೇನ ನೋಡತೀರಿ? ಚಾ ಇಡ್ರಿ."

ಹೊಂಡದ ಕಡೆ ಅವನು ಮತ್ತೆ ಹೋಗಲಿಲ್ಲ. ಪಂಚಮಿಗೆ ಟಂಟಂನಲ್ಲಿ ನಿಡೋಣಿಗೆ ಹೋಗಿ ಅತ್ತೆಯನ್ನು ಕರೆತಂದ. ಅವರಿಬ್ಬರೂ ಸೀಟಿನ ಮೇಲೆ ಕುಳಿತರು. ನಾನು ಹಿಂದೆ ಅತ್ತೆಯ ಗಂಟಿನ ಜೊತೆ ಕುಳಿತೆ.