ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವಿನ ಭಾರತ ದೇಶ

ಅರಕಲಗೂಡು,
೧೯೫೯ನೇ ಇಸವಿ, ಬೇಸಿಗೆ ರಜೆಯ ಕೊನೆಯ ವಾರ

ಶ್ರೀಮತಿ ಚುಕ್ಕಿಯವರ ಸನ್ನಿಧಿಗೆ,
ಎಮ್ಮೆಯವರು, ನಮ್ಮ ಮನೆಯ ಹಿತ್ತಲ ಕೊಟ್ಟಿಗೆ.

ಮಾನ್ಯರೇ,

ತಮ್ಮ ಎರಡು ಕೊಂಬುಗಳಿಗೂ, ಹಣೆಯ ನಡುವಿನ ಬಿಳಿ ಚುಕ್ಕಿಗೂ, ನಮ್ಮ ಸಂಸಾರವನ್ನೇ ಕಟ್ಟಿಹಾಕಿರುವ ತಮ್ಮ ಕೆಚ್ಚಲಿಗೂ ಬೇರೆಬೇರೆಯಾಗಿ ನಮಸ್ಕರಿಸಿ, ಮೆಲುಕು ಹಾಕುವ ಹೊತ್ತಿನಲ್ಲಿ ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಮೊದಲೇ ಕ್ಷಮೆ ಬೇಡಿ, ಮಿಡ್ಲ್ ಸ್ಕೂಲಿನ ಭೂಗೋಳದ ಮೇಷ್ಟ್ರು ಚನ್ನಪ್ಪನಾದ ನಾನು ಈ ಬಹಿರಂಗ ಪತ್ರವನ್ನು ಅರ್ಪಿಸುತ್ತಿದ್ದೇನೆ. ಬಹಿರಂಗವಾಗಿ ಏಕೆ ಬರೆದೆನೆಂದರೆ, ಗುಟ್ಟಾಗಿ ತಮ್ಮ ಕಿವಿಯಲ್ಲಿ ಹೇಳಿಕೊಂಡದ್ದನ್ನೆಲ್ಲ ತಾವು ನೊಣಗಳ ಜೊತೆಗೇ ಬಾಲ ಬೀಸಿ ಓಡಿಸಿದ್ದೀರಿ. ಇದರ ಮೊದಲ ಪ್ರತಿಯನ್ನು ತಮ್ಮ ನೀರಿನ ತೊಟ್ಟಿಯ ಗೋಡೆಗೆ ಅಂಟಿಸಿದ್ದೆ. ತಾವು ಅದನ್ನು ಓದದೆಯೇ ತಿಂದುಬಿಟ್ಟಿರಾದ್ದರಿಂದ ಇದು ಎರಡನೆಯದು. ಇದನ್ನು ಬಸ್ ಸ್ಟ್ಯಾಂಡಿನ ಗೋಡೆಗೆ, ತಮಗೆ ಎಟುಕದ ಎತ್ತರದಲ್ಲಿ ಅಂಟಿಸಿದ್ದೇನೆ, ಮನ್ನಿಸಬೇಕು.

ನಮ್ಮ ದೇಶ ಬಹಳ ದೊಡ್ಡದೆಂಬುದು ಕೊಟ್ಟಿಗೆಯಿಂದ ಕೆರೆಗೆ, ಕೆರೆಯಿಂದ ಕೊಟ್ಟಿಗೆಗೆ ನಡೆಯುವ ತಮ್ಮ ಗಮನಕ್ಕೆ ಬಂದಿರಲಾರದು. ನನ್ನ ಗಮನಕ್ಕಾದರೂ ಅದು ಬಂದಿರುವುದು ಭೂಪಟದಿಂದಲೇ. ಮಕ್ಕಳಿಗೆ ಕಾಶ್ಮೀರ ತೋರಿಸಬೇಕಾದರೆ ಸ್ಟೂಲು ಹತ್ತುತ್ತೇನೆ, ಕನ್ಯಾಕುಮಾರಿ ತೋರಿಸಬೇಕಾದರೆ ಬಗ್ಗುತ್ತೇನೆ; ನನ್ನ ಇದುವರೆಗಿನ ದೇಶಸಂಚಾರದಿಂದ ಲಾಭವಾಗಿರುವುದು ಸೊಂಟನೋವು ಮಾತ್ರ. ಆದರೂ ಪ್ರತಿವರ್ಷ ಪರೀಕ್ಷೆ ಮುಗಿಯುತ್ತಲೇ ಶಾಲೆಯ ಭೂಪಟವನ್ನು ಸುರುಳಿ ಸುತ್ತಿ ಮನೆಗೆ ತಂದು, ಪಡಸಾಲೆಯ ಗೋಡೆಗೆ ತೂಗುಹಾಕಿ, ಈ ರಜೆಯಲ್ಲಿ ಯಾವ ಸೀಮೆಗೆ ಹೋಗಬೇಕೆಂಬ ಮಹಾಸಭೆಯನ್ನು ಸೇರಿಸುತ್ತ ಬಂದಿದ್ದೇನೆ. ಎರಡು ಎತ್ತುಗಳಲ್ಲಿ ಒಂದನ್ನು ಆರಿಸುವುದೇ ಕಷ್ಟವಾಗಿರುವಾಗ, ಹಿಮ, ಮರಳುಗಾಡು, ದಟ್ಟ ಕಾಡು, ಕೋಟೆಕೊತ್ತಲ ಎಲ್ಲವನ್ನೂ ಎದುರಿಗೆ ಹರವಿ ಕುಳಿತ ದೇಶದಲ್ಲಿ ಒಂದು ಮೂಲೆಯನ್ನು ಆರಿಸಿ ಉಳಿದ ಮೂಲೆಗಳನ್ನು ಬೇಸರಪಡಿಸದೆ ಇರುವುದು ಎಂಥ ಸಂಕಟವೆಂದು ತಾವೇ ಯೋಚಿಸಬೇಕು. ರಾಜಸ್ಥಾನಕ್ಕೆ ಹೋದರೆ ಬಂಗಾಳದ ಮುಖ ನೋಡುವುದು ಹೇಗೆ?

ಸಭೆಯಲ್ಲಿ ನನ್ನ ಓಟು ಯಾವಾಗಲೂ ಕಾಶ್ಮೀರಕ್ಕೆ. ಅದನ್ನು ಭೂಲೋಕದ ಸ್ವರ್ಗವೆಂದು ವರ್ಷವರ್ಷವೂ ಮಕ್ಕಳಿಗೆ ಹೇಳುವವನು ಒಮ್ಮೆಯಾದರೂ ಕಣ್ಣಾರೆ ನೋಡದಿದ್ದರೆ ಅದು ಸುಳ್ಳುಸಾಕ್ಷಿಯೇ ಸರಿ. ರಾಮನಾಥಪುರದಿಂದ ಬರುವ ನನ್ನ ಭಾಮೈದ ರಂಗಸ್ವಾಮಿ ಹೊಗೆಸೊಪ್ಪು ಬೆಳೆಯುವವನು. ಅವನ ವಾದ, “ಬಾವ, ಗುಜರಾತ್ಗೋಗಾನ, ಅಲ್ಲಿ ಒಗೆಸೊಪ್ಪು ಎಂಗ್ ಬೆಳೀತಾರೆ ನೋಡ್ಕಂಡ್ ಬರಾನ” ಎಂದು. ಪಕ್ಕದ ಮನೆಯ ಸುಬ್ಬಮ್ಮನವರು ನಮ್ಮೊಂದಿಗೆ ಎಲ್ಲಿಗೂ ಬರುವವರಲ್ಲವಾದರೂ ಸಭೆಗೆ ಮಾತ್ರ ತಪ್ಪಿಸದೆ ಬಂದು, “ಮುದ್ದೆ ಸಿಕ್ಕದ್ ಸೀಮೆಗೆ ಯಾಕ್ರವ್ವಾ ಓಗ್ತೀರಿ?” ಎಂದು ಕೇಳಿ, ಒಂದೇ ಪ್ರಶ್ನೆಯಿಂದ ತುಂಗಭದ್ರೆಯ ಆಚೆಗಿನ ದೇಶವನ್ನೆಲ್ಲ ರದ್ದು ಮಾಡಿಬಿಡುತ್ತಾರೆ.

ನನ್ನ ಧರ್ಮಪತ್ನಿ ಲಕ್ಕಮ್ಮ ಮಾತ್ರ ಭೂಪಟದಲ್ಲಿ ನಾನು ತೋರಿಸುವ ಹಸಿರು, ಹಳದಿ, ಕೆಂಪು ಬಣ್ಣಗಳ ಕಡೆ ಕಣ್ಣೆತ್ತಿಯೂ ನೋಡದೆ, ಸುತ್ತಲಿನ ನೀಲಿಯನ್ನೇ ನೋಡುತ್ತ ಕೂರುತ್ತಾಳೆ. ರಾಮನಾಥಪುರದ ಕಾವೇರಿ ದಡದಲ್ಲಿ ಬಟ್ಟೆ ಒಗೆಯುತ್ತ ಬೆಳೆದವಳು. “ನಂಗೆ ಕಾಸ್ಮೀರನೂ ಬ್ಯಾಡ, ಗುಜರಾತೂ ಬ್ಯಾಡ. ನಮ್ಮೂರ್ ಒಳೆ ಓಗಿ ಸಮುದ್ರ ಸೇರೋ ಜಾಗ ಒಂದ್ಸಲ ತೋರ್ಸಿ, ಸಾಕು. ಅಷ್ಟ್ ನೀರು ಯಾತ್ಕೆ ಅತ್ಲಾಗ್ ಓಯ್ತದೆ ಅಂತ ನೋಡ್ಬೇಕು” ಎಂಬುದು ಮದುವೆಯಾದಾಗಿನಿಂದ ಅವಳ ಒಂದೇ ಬೇಡಿಕೆ. ನಾನು ಕೋಲು ತೆಗೆದುಕೊಂಡು ಮದ್ರಾಸು ಸೀಮೆಯ ಅಂಚಿನಲ್ಲಿ ಆ ಜಾಗವನ್ನು ಕೂಡಲೇ ತೋರಿಸಿಬಿಡುತ್ತಿದ್ದೆ. ಅದರಿಂದ ಅವಳಿಗೆ ತೃಪ್ತಿಯಾಗದೆ ಇರುತ್ತಿದ್ದುದು ನನಗೆ ಆಶ್ಚರ್ಯವೇ ಆಗಿತ್ತು.

ಸಭೆ ಇಷ್ಟಕ್ಕೆ ಬರುವ ಹೊತ್ತಿಗೆ ಕೊಟ್ಟಿಗೆಯಿಂದ ತಾವು ಅಧ್ಯಕ್ಷ ಭಾಷಣ ಮಾಡುತ್ತೀರಿ. ಲಕ್ಕಮ್ಮ ತಂಬಿಗೆ ಹಿಡಿದು ಎದ್ದು ಹೋಗುತ್ತಾಳೆ, ಸಭೆ ಮುಗಿಯುತ್ತದೆ. ತಾವು ಆಕೆಯ ತವರಿನ ಉಡುಗೊರೆ, ರಂಗಸ್ವಾಮಿಯೇ ಹಗ್ಗ ಹಿಡಿದು ನಡೆಸಿಕೊಂಡು ಬಂದದ್ದು. ಆದ್ದರಿಂದ ಮಾರುವ ಮಾತೇ ಇಲ್ಲ. ಲಕ್ಕಮ್ಮನ ಕೈಗಲ್ಲದೆ ಇನ್ನಾರ ಕೈಗೂ ಹಾಲು ಇಳಿಸುವುದಿಲ್ಲವೆಂಬ ತಮ್ಮ ವ್ರತನಿಷ್ಠೆಯನ್ನು ನಾನು ಎಷ್ಟು ಹೊಗಳಿದರೂ ಸಾಲದು. ಸುಬ್ಬಮ್ಮನವರು ಒಮ್ಮೆ ಕರೆಯಲು ಬಂದಾಗ ಪಾತ್ರೆ ಒಂದು ಕಡೆಗೂ ಸುಬ್ಬಮ್ಮನವರು ಇನ್ನೊಂದು ಕಡೆಗೂ ಹೋದರು. ತಮ್ಮನ್ನು ಕರುವಾಗಿನಿಂದ ಸಾಕಿದ ರಂಗಸ್ವಾಮಿಗೂ ತಾವು ಅದೇ ಮರ್ಯಾದೆಯನ್ನು ಭೇದವಿಲ್ಲದೆ ಸಲ್ಲಿಸಿದಿರಿ. ಕರುವನ್ನು ಬಿಟ್ಟು ಮೋಸಮಾಡೋಣವೆಂದರೆ, ಕರು ಕುಡಿಯುವಷ್ಟು ಕೊಟ್ಟು, ಬೇರೆ ಕೈ ತಾಗಿದ ಕ್ಷಣವೇ ಹಾಲನ್ನು ಮೇಲಕ್ಕೆ ಏರಿಸಿಕೊಂಡು ಏನೂ ಆಗದವರಂತೆ ಕಿವಿ ಅಲ್ಲಾಡಿಸಿದಿರಿ. ಒಂದು ಹೊತ್ತು ಕರೆಯದೆ ಬಿಟ್ಟರೆ ಕೆಚ್ಚಲು ಬಾತು ತಾವು ನರಳುವುದನ್ನು ನೋಡಿ ಲಕ್ಕಮ್ಮನೂ ಊಟ ಬಿಡುತ್ತಾಳೆ. ತಾವು ಹಾಲು ಬತ್ತಿಸಿಕೊಳ್ಳುವ ತಿಂಗಳುಗಳಲ್ಲಾದರೂ ಹೋಗೋಣವೆಂದರೆ, ಶಾಲೆಯ ಬಾಗಿಲು ತೆರೆದ ಮೇಲೆಯೇ ಬತ್ತುವುದು ತಮ್ಮ ಪದ್ಧತಿ. ವಿದ್ಯಾ ಇಲಾಖೆಯ ರಜೆಯ ಸುತ್ತೋಲೆ ನನಗಿಂತ ಮೊದಲು ತಮಗೆ ತಲುಪುತ್ತದೆಯೆಂದು ನನಗೆ ಬಲವಾದ ಗುಮಾನಿ.

ಹೀಗಾಗಿ ಕೈವಾರದ ಮುಳ್ಳನ್ನು ತಮ್ಮ ಗೂಟದ ಮೇಲೆ ಊರಿ, ಬೆಳಗಿನ ಹಾಲು ಕರೆದು ಹೊರಟು ಸಂಜೆಯ ಹಾಲಿಗೆ ಹಿಂದಿರುಗಬಹುದಾದಷ್ಟು ದೂರಕ್ಕೆ ಒಂದು ವೃತ್ತ ಎಳೆದೆ. ಅದರೊಳಗೆ ಬಿದ್ದದ್ದೇ ನಮ್ಮ ಪಾಲಿನ ಭಾರತ: ಬಡಗಲಿಗೆ ಹಾಸನ, ಮೂಡಲಿಗೆ ಹೊಳೆನರಸೀಪುರ, ತೆಂಕಲಿಗೆ ರಾಮನಾಥಪುರ. ಗೊರೂರಿನ ಹೇಮಾವತಿ ದಡವನ್ನು ಕಾಶ್ಮೀರವೆಂದು ಗೊತ್ತುಮಾಡಿ ಒಂದು ರಜೆಯಲ್ಲಿ ಅಲ್ಲಿಗೆ ಹೋಗಿ, ವಾತಾವರಣಕ್ಕೆ ತಕ್ಕಂತೆ ಇರಲೆಂದು ಉರಿಬಿಸಿಲಿನಲ್ಲಿ ನಾನು ಶಾಲು ಹೊದ್ದು ಕುಳಿತೆ. ಹಾಸನದ ಬಸ್ ಸ್ಟ್ಯಾಂಡಿನ ನೂಕುನುಗ್ಗಲಿನಲ್ಲಿ ಕಲ್ಕತ್ತ ಮುಗಿಯಿತು. ಚನ್ನರಾಯಪಟ್ಟಣ ವೃತ್ತದ ಗೆರೆಯ ಮೇಲೆಯೇ ಬಿದ್ದದ್ದರಿಂದ, ರಾಜಸ್ಥಾನ ನೋಡಲೆಂದು ಅಲ್ಲಿಗೆ ಹೋದವರು ಬಸ್ಸಿನಿಂದ ಇಳಿಯಲೂ ಪುರಸೊತ್ತಿಲ್ಲದೆ ಅದೇ ಬಸ್ಸಿನಲ್ಲಿ ವಾಪಸಾದೆವು. ಕಿಟಕಿಯಿಂದ ಬಂದ ಧೂಳು ಮಾತ್ರ ನಿಜವಾಗಿ ಮರುಭೂಮಿಯದಾಗಿತ್ತು.

ಹೋದ ವರ್ಷ ಹೊಳೆನರಸೀಪುರಕ್ಕೆ ಹೋದೆವು. ರೈಲು ತೋರಿಸಿದರೆ ಅರ್ಧ ದೇಶ ತೋರಿಸಿದಂತೆ ಎಂಬುದು ನನ್ನ ಎಣಿಕೆ. ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಬುತ್ತಿ ಉಂಡೆವು. ಮೈಸೂರಿನ ಕಡೆಯ ರೈಲು ಬಂದು ನಿಂತಾಗ ಲಕ್ಕಮ್ಮ, “ಇದು ಸಮುದ್ರದ್ ಕಡೀಕ್ ಓಯ್ತದಾ?” ಎಂದು ಕೇಳಿದಳು. ಭೂಗೋಳದ ವಿಷಯದಲ್ಲಿ ನಾನು ಸುಳ್ಳು ಹೇಳುವವನಲ್ಲ, ಮೈಸೂರಿಗೆ ಹೋಗುತ್ತದೆ ಎಂದೆ. ರೈಲು ಹೊರಟು ಕೊನೆಯ ಡಬ್ಬಿ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತಿದ್ದವಳು, ಸೆರಗು ಸರಿಮಾಡಿಕೊಂಡು, “ನಡೀರಿ, ಚುಕ್ಕಿ ಕೂಗ್ತಿರ್ತಾಳೆ” ಎಂದಳು. ಆ ಹೊತ್ತು ನನಗೆ ಬಹಳ ಸಂಕಟವಾಯಿತು. ಅದು ತಮ್ಮ ಮೇಲಿನ ಸಿಟ್ಟೆಂದೇ ನಾನು ತಿಳಿದುಕೊಂಡೆ, ಏಕೆಂದರೆ ಸಿಟ್ಟು ಮಾಡಿಕೊಳ್ಳಲು ತಮಗಿಂತ ಅನುಕೂಲವಾದವರು ಇನ್ನಾರೂ ಹತ್ತಿರದಲ್ಲಿರಲಿಲ್ಲ.

ಈ ವರ್ಷ ರಂಗಸ್ವಾಮಿ ತನ್ನ ತಾಯಿಯನ್ನೂ ರಾಮನಾಥಪುರದ ಕೆಲವು ಹೆಂಗಸರನ್ನೂ ಕಟ್ಟಿಕೊಂಡು ಕಾವೇರಿ ಸಮುದ್ರ ಸೇರುವಲ್ಲಿಗೇ ಹೊರಟ. ಅಕ್ಕನಿಗೊಂದು ಜಾಗ ಇಟ್ಟಿದ್ದೇನೆ ಎಂದು ಹೇಳಿಕಳಿಸಿದ. ಅದನ್ನು ಕೇಳಿದ ಲಕ್ಕಮ್ಮ ಕೊಟ್ಟಿಗೆಗೆ ಹೋಗಿ ತಮ್ಮ ಬೆನ್ನಿಗೆ ಒರಗಿ ನಿಂತಳು. ಅದನ್ನು ನೋಡಿ ನಾನು ಆಕೆಯ ಸೀರೆ ಉಟ್ಟೆ.

ಈ ವಾಕ್ಯವನ್ನು ಬಸ್ ಸ್ಟ್ಯಾಂಡಿನಲ್ಲಿ ಓದುತ್ತಿರುವ ಮಹಾಜನರು ನಗುವುದನ್ನು ನಿಲ್ಲಿಸಿದ ಮೇಲೆ ಮುಂದುವರಿಸುತ್ತೇನೆ. ಸೀರೆ ಉಟ್ಟು, ಬಳೆ ತೊಟ್ಟು, ಮೀಸೆಯ ಮೇಲೆ ಸೆರಗು ಮುಚ್ಚಿ ತಮ್ಮ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತೆ. ತಾವು ಒಮ್ಮೆ ಮೂಸಿ, ಬಹಳ ಸಾವಧಾನವಾಗಿ ಒದ್ದಿರಿ. ಬಟ್ಟೆಯಲ್ಲಲ್ಲ, ಬೇರೆ ಎಲ್ಲೋ ಕೊರತೆಯಿದೆಯೆಂದು ತಿಳಿದು, ಮಾರನೆಯ ದಿನ ಲಕ್ಕಮ್ಮ ಕರೆಯುವಾಗ ಗೋಡೆಯ ಆಚೆ ನಿಂತು ಕಿವಿಗೊಟ್ಟೆ. ಆಗ ಗೊತ್ತಾಯಿತು: ತಮ್ಮ ಹಾಲು ಇಳಿಯುವುದು ಕೈಗಲ್ಲ, ಮಾತಿಗೆ. ಆ ಮಾತೆಲ್ಲ ನನ್ನ ಮೇಲಿನ ದೂರು. “ಕೇಳ್ದೇನವ್ವಾ ಚುಕ್ಕಿ, ಮೇಷ್ಟ್ರು ಇವತ್ತೂ ಪಟ ಬಿಚ್ಕಂಡ್ ಕುಂತವ್ರೆ. ಕೋಲಾಗ್ ತಿವ್ದು ತಿವ್ದು ಕಾಸ್ಮೀರ ತೂತ್ ಬಿದ್ದದೆ” ಎಂದಾಗ ಒಂದು ಧಾರೆ. “ಸಾರಿಗೆ ಉಪ್ಪಿಲ್ಲ ಅಂತಾರೆ, ಎಲ್ಡ್ ಸಲ ಬಡಿಸ್ಕತಾರೆ” ಎಂದಾಗ ಇನ್ನೊಂದು ಧಾರೆ. ಸಂಸಾರದ ಗುಟ್ಟುಗಳೆಲ್ಲ ನೊರೆನೊರೆಯಾಗಿ ತಂಬಿಗೆ ತುಂಬುತ್ತಿದ್ದವು. ಅಷ್ಟು ವರ್ಷ ನಾನು ಕುಡಿದ ಕಾಫಿ ಎಂಥದೆಂದು ಅಂದು ತಿಳಿಯಿತು.

ಅವಳನ್ನು ಹೊರಡಿಸಬೇಕಾದರೆ ಬೇರೆ ದಾರಿಯಿರಲಿಲ್ಲ. ಸಂಜೆ ಸೀರೆ ಉಟ್ಟು ಕುಳಿತು, ಅವಳ ದನಿಯನ್ನು ಆದಷ್ಟು ಅನುಕರಿಸಿ, ನನ್ನ ಮೇಲೆ ನಾನೇ ದೂರು ಹೇಳಿದೆ. ಕಾಶ್ಮೀರದ ತೂತಿಗೆ ತಾವು ಕಿವಿ ನೆಟ್ಟಗೆ ಮಾಡಿದಿರಿ. ಉಪ್ಪಿನ ವಿಷಯಕ್ಕೆ ನಾಲ್ಕು ಹನಿ ಬಂತು. ಆಮೇಲೆ ನಿಂತುಹೋಯಿತು. ಅವಳು ಕೊನೆಯಲ್ಲಿ ಹೇಳಿದ್ದ ಒಂದು ಮಾತನ್ನು ನಾನು ಬೇಕೆಂದೇ ಬಿಟ್ಟಿದ್ದೆ, ಅದು ತಮಗೆ ಗೊತ್ತಿತ್ತು. ತಲೆ ತಿರುಗಿಸಿ ನನ್ನನ್ನೇ ನೋಡುತ್ತ ಕಾದಿರಿ. ಕಡೆಗೆ ಗಂಟಲು ಸರಿಮಾಡಿಕೊಂಡು ಹೇಳಿದೆ: “ನಾನೊಂದ್ ಸಲ ಸಮುದ್ರ ನೋಡ್ಕಂಡ್ ಬಂದಿದ್ರೆ ಇವ್ರ ಗಂಟೇನ್ ಓಗ್ತಿತ್ತು, ಏಳವ್ವಾ?” ತಂಬಿಗೆ ತುಂಬಿ ಚೆಲ್ಲಿತು. ಹಾಲಿನ ಜೊತೆ ನನ್ನ ಕಣ್ಣೀರೂ ಸ್ವಲ್ಪ ಬಿದ್ದಿರಬಹುದು, ಅದನ್ನು ಕಲಬೆರಕೆಯೆಂದು ಯಾರೂ ಭಾವಿಸಬಾರದು.

ಲಕ್ಕಮ್ಮ ಹೋದಳು. ಬಸ್ಸಿನ ಕಿಟಕಿಯಿಂದ, “ಚುಕ್ಕಿ ಜ್ವಾಪಾನ” ಎಂದಳು, ನನ್ನ ಬಗ್ಗೆ ತಮಗೆ ಏನಾದರೂ ಹೇಳಿದ್ದಳೋ ತಿಳಿಯದು. ಅವಳಿಲ್ಲದ ದಿನಗಳಲ್ಲಿ ತಮ್ಮ ಸೇವೆ ನಡೆಸಿದ್ದು ಹೇಗೆಂದು ಬೀದಿಗೆಲ್ಲ ಗೊತ್ತು. ಹೇಳಿದ ದೂರನ್ನೇ ಮತ್ತೆ ಹೇಳಿದರೆ ತಾವು ಆಕಳಿಸಿ ಹಾಲು ನಿಲ್ಲಿಸುತ್ತಿದ್ದಿರಾದ್ದರಿಂದ, ಹೊತ್ತುಹೊತ್ತಿಗೂ ಹೊಸ ಅವಗುಣಗಳನ್ನು ನನ್ನಲ್ಲಿ ಹುಡುಕಬೇಕಾಯಿತು. ಸಾಲದಾದಾಗ ಸುಬ್ಬಮ್ಮನವರು ಬೇಲಿಯ ಆಚೆಯಿಂದ, “ಗೊರಕೆ ಇಸ್ಯ ಮರ್ತ್ರಲ್ಲ ಮೇಷ್ಟ್ರೇ” ಎಂದು ಧಾರಾಳವಾಗಿ ಒದಗಿಸಿದರು. ಅವೂ ಮುಗಿದ ಮೇಲೆ ನಾನು ಸೀರೆಯನ್ನು ಬಿಟ್ಟು, ಅವಳ ದನಿಯನ್ನು ಬಿಟ್ಟು, ನನಗೂ ಕಾಶ್ಮೀರ ನೋಡುವ ಆಸೆ ನಿಜವಾಗಿಯೂ ಇದೆಯೆಂದು ನನ್ನ ದನಿಯಲ್ಲೇ ಹೇಳಿಕೊಳ್ಳತೊಡಗಿದೆ. ತಾವು ಕಣ್ಣು ಅರೆಮುಚ್ಚಿ ಕೇಳಿದಿರಿ. ಹಾಲು ಎಂದಿಗಿಂತ ಹೆಚ್ಚಾಗಿಯೇ ಬಂತು.

ಲಕ್ಕಮ್ಮ ಬಿಸಿಲಿಗೆ ಕಪ್ಪಾಗಿ, ಸೀರೆಯ ಅಂಚಿನಲ್ಲಿ ಮರಳು ತುಂಬಿಕೊಂಡು ಬಂದಳು. ಹೇಗಿತ್ತು ಎಂದರೆ, “ನಮ್ಮೊಳೆ ಯಾವ್ದು, ಸಮುದ್ರ ಯಾವ್ದು, ಗುರ್ತೇ ಸಿಕ್ನಿಲ್ಲ. ನೋಡ್ತಾ ನಿಂತೆ. ನಗೂನೂ ಬಂತು, ಅಳೂನೂ ಬಂತು” ಎಂದಳು. ಅವಳ ಮುಖ ನೋಡಿ ನನಗೆ ಆದ ಸಂತೋಷವನ್ನು ಇಲ್ಲಿ ಬರೆಯುವುದಿಲ್ಲ, ಬಸ್ ಸ್ಟ್ಯಾಂಡಿನವರಿಗೆ ಅದು ಬೇಕಾಗಿಲ್ಲ. ಅವಳು ಕಾಲು ತೊಳೆದುಕೊಂಡು ನೇರವಾಗಿ ಕೊಟ್ಟಿಗೆಗೆ ಹೋದಳು. ತಾವು ಏನು ಮಾಡಿದಿರಿ? ತವರಿನಿಂದ ಬಂದ ಋಣವನ್ನೂ, ಅಷ್ಟು ವರ್ಷದ ಮಾತುಕತೆಯನ್ನೂ ಮರೆತು, ಆಕೆಯ ಪಾತ್ರೆಯನ್ನು ಒದ್ದಿರಿ. ಮಾರನೆಯ ದಿನವೂ ಅದೇ. ನಾನು ಅಂಗಿ ತೊಟ್ಟುಕೊಂಡೇ ಬಂದು ಕುಳಿತು, “ಕೇಳ್ದೇನವ್ವಾ” ಎಂದದ್ದೇ ತಡ, ಹಾಲು ಸುರಿಸಿದಿರಿ.

ಲಕ್ಕಮ್ಮ ಅಳುತ್ತಾಳೆಂದು ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿ, ಮುಗುಳ್ನಕ್ಕು, ಪಡಸಾಲೆಗೆ ಹೋಗಿ, ಸ್ಟೂಲು ಹತ್ತಿ, ನನ್ನ ಕೋಲನ್ನು ಕೈಗೆತ್ತಿಕೊಂಡು, “ಈ ಬೆಳ್ಳಗಿರೋದು ಮಂಜಾ? ಇಲ್ಲೀಗಂಟ ಎಂಗಸ್ರು ಓಗ್ತಾರಾ?” ಎಂದು ಕೇಳಿದಳು. ಬರುವ ವರ್ಷ ರಾಮನಾಥಪುರದ ಹೆಂಗಸರ ಜೊತೆ ಕಾಶಿ, ಅಲ್ಲಿಂದ ಮುಂದೆ ಕಾಶ್ಮೀರ ಎಂದು ತೀರ್ಮಾನವಾಗಿದೆ. ನಾನೂ ಬರಲೇ ಎಂದೆ. “ನೀವ್ ಇರ್ತೀರಲ್ಲ ಮನೇಲಿ” ಎಂದಳು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆಯೇನೆಂದರೆ, ತಾವು ದೊಡ್ಡ ಮನಸ್ಸು ಮಾಡಿ ನನ್ನನ್ನು ದ್ವೇಷಿಸಬೇಕು. ಅದಾಗದಿದ್ದರೆ ಹೆಂಗಸರ ಡಬ್ಬಿಯಲ್ಲಿ ತಲೆ ಬಗ್ಗಿಸಿ ನಿಂತು ಕಾಶ್ಮೀರದವರೆಗೆ ನಮ್ಮೊಂದಿಗೆ ಬರಬೇಕು. ಅದೂ ಆಗದಿದ್ದರೆ ಹಿಮಾಲಯವನ್ನು ತಮ್ಮ ಕೊಂಬಿನಿಂದ ತಳ್ಳಿ ಗೊರೂರಿನ ಆಸುಪಾಸಿಗಾದರೂ ತಂದು ನಿಲ್ಲಿಸಬೇಕು. ಸಂಜೆಯ ಹಾಲಿನ ಹೊತ್ತಾಯಿತು, ತಾವು ಕೂಗುತ್ತಿದ್ದೀರಿ, ಬಂದೆ.

ಇಂತು ತಮ್ಮ ಗೂಟಕ್ಕೆ ಜೊತೆಯಾಗಿಯೇ ಕಟ್ಟಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ಚನ್ನಪ್ಪ, ಭೂಗೋಳದ ಮೇಷ್ಟ್ರು

ತಾ. ಕ.: ಲಕ್ಕಮ್ಮ ಸೀಸೆಯಲ್ಲಿ ತುಂಬಿಕೊಂಡು ಬಂದಿದ್ದ ಸಮುದ್ರದ ನೀರು ನನಗೇ ತಂದದ್ದೆಂದು ನಂಬಿ ನಾನು ಕೈ ಚಾಚಿದ್ದೆ. ಅವಳು ಅದನ್ನು ತಮ್ಮ ಕಲಗಚ್ಚಿಗೆ ಸುರಿದು, “ಕುಡಿ ಕಣವ್ವ, ನಮ್ಮೂರ್ ಒಳೆ ನೀರೂ ಇದ್ರಾಗದೆ” ಎಂದಳು. ತಾವು ತಳ ಕಾಣುವಂತೆ ನೆಕ್ಕಿ ನನ್ನ ಮುಖಕ್ಕೆ ಸೀನಿದಿರಿ. ಈಗ ಮನೆಯಲ್ಲಿ ಸಮುದ್ರ ಕಾಣದವನು ನಾನೊಬ್ಬನೇ ಆದ್ದರಿಂದ, ಬರುವ ವರ್ಷದಿಂದ ಸಮುದ್ರದ ಪಾಠಕ್ಕೆ ಮಕ್ಕಳನ್ನು ತಮ್ಮಲ್ಲಿಗೇ ಕಳಿಸುತ್ತೇನೆ. ದಯವಿಟ್ಟು ಒದೆಯಬೇಡಿ.