ಪ್ಲಾಸ್ಟಿಕ್ಕಿನ ಮೇಲಿನ ಕುಂಕುಮ

ನನ್ನ ಮುಖ ವಿಶೇಷ ರಕ್ಷಣೆ ಕೊಟ್ಟು ಕಾಪಾಡಬೇಕಾದಂಥದ್ದೇನಲ್ಲ. ಮದುವೆಗೆ ಮುಂಚೆ ಅದನ್ನು ನೋಡಿ ಹೋದ ಒಂದಿಬ್ಬರು ಹುಡುಗಿಯರ ಮನೆಯವರು "ಆಮೇಲೆ ತಿಳಿಸ್ತೀವಿ" ಎಂದವರು ಇವತ್ತಿಗೂ ತಿಳಿಸಿಲ್ಲ. ಆದರೂ ಅಮೆರಿಕದ ಲಾ ಹೋಯಾದ ನಮ್ಮ ಲ್ಯಾಬಿನಲ್ಲಿ ದ್ರವ ಸಾರಜನಕ ಸುರಿಯುವಾಗ ಹಣೆಯಿಂದ ಗಲ್ಲದವರೆಗೆ ಮುಚ್ಚುವ ಪಾರದರ್ಶಕ ಪ್ಲಾಸ್ಟಿಕ್ಕಿನ ಫೇಸ್ ಶೀಲ್ಡ್ ಹಾಕಲೇಬೇಕು. ಸಿಡಿದರೆ ಚರ್ಮ ಸುಟ್ಟಂತಾಗುತ್ತದೆ. ನಮ್ಮ ಬೀದಿಯಲ್ಲಿ ಮರ ಕತ್ತರಿಸಲು ಬರುವವನೂ ಹಾಕುತ್ತಾನೆ, ಅವನದು ಜಾಲರಿಯದು. ಹಲ್ಲಿನ ಡಾಕ್ಟರಾದ ನನ್ನ ಹೆಂಡತಿ ವಸುಧಾಳಿಗಂತೂ ಅದಿಲ್ಲದೆ ಆಗದು. ಡ್ರಿಲ್ ತಿರುಗಿತೆಂದರೆ ರೋಗಿಯ ಬಾಯೊಳಗಿನದೆಲ್ಲ ಇವಳ ಮುಖಕ್ಕೇ ಹಾರುತ್ತದೆ. ಒಟ್ಟಿನಲ್ಲಿ ಮುಖ ಮುಚ್ಚಿಕೊಂಡು ಸಂಪಾದಿಸುವ ದಂಪತಿ ನಾವು.

ಕೊರೋನಾ ಶುರುವಾದ ವರ್ಷ, ಧಾರವಾಡದಿಂದ ಮಗಳನ್ನು ನೋಡಲು ಬಂದಿದ್ದ ನನ್ನ ಅತ್ತೆ ವಿಮಾನಗಳು ನಿಂತು ಸ್ಕ್ರಿಪ್ಸ್ ರ್ಯಾಂಚ್‌ನ ನಮ್ಮ ಮನೆಯಲ್ಲೇ ಉಳಿದರು. ಅವರ ಹೃದಯ ಮೊದಲೇ ದುರ್ಬಲ. ದಿನವಿಡೀ ಊರವರ ಬಾಯಿಗಳನ್ನು ನೋಡುವ ವಸುಧಾ, ತನ್ನಿಂದ ತಾಯಿಗೆ ಸೋಂಕು ತಗುಲೀತೆಂದು ಹೆದರಿ ಗರಾಜಿನಲ್ಲಿ ಮಲಗತೊಡಗಿದಳು. ತಾಯಿಯ ಎದುರು ಬರುವಾಗ ಮಾಸ್ಕು, ಅದರ ಮೇಲೆ ಶೀಲ್ಡು. ಅತ್ತೆಯದೋ ಒಂದು ಪದ್ಧತಿ: ಮಗಳು ಹೊರಗೆ ಹೊರಟರೆ ಹಣೆಗೆ ಕುಂಕುಮ ಹಚ್ಚಿಯೇ ಕಳಿಸಬೇಕು. "ಬರೀ ಹಣಿಲೆ ಹೋಗಬ್ಯಾಡವ್ವಾ, ನಿಲ್ಲು" ಎಂದು ಒಂದು ಬೆಳಿಗ್ಗೆ ಭರಣಿ ಹಿಡಿದು ಬಂದವರು, ಇವಳು ಹಿಂದೆ ಸರಿಯುವುದರೊಳಗೆ ಹಚ್ಚಿಯೇಬಿಟ್ಟರು. ಶೀಲ್ಡಿನ ಮೇಲೆ!

ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. "ಅತ್ತೇ, ಅದು ಪ್ಲಾಸ್ಟಿಕ್ಕು!"

"ಗೊತ್ತದ ಬಿಡ್ರಿ ಅಳಿಯಂದ್ರ. ಅದರ ಹಿಂದ ನನ್ನ ಮಗಳೇ ಇದ್ದಾಳಲ್ಲ?"

ಅಂದಿನಿಂದ ಅದೇ ರೂಢಿಯಾಯಿತು. ಒಮ್ಮೆ ಒರೆಸಲು ಮರೆತು ಕ್ಲಿನಿಕ್ಕಿಗೆ ಕಾಲಿಟ್ಟಾಗ, ಕಾಯುತ್ತಿದ್ದ ರೋಗಿಯೊಬ್ಬ ಅದನ್ನು ರಕ್ತವೆಂದು ತಿಳಿದು, ಹಲ್ಲುನೋವನ್ನೂ ಮರೆತು ಮನೆಗೆ ಹೊರಟುಬಿಟ್ಟಿದ್ದನಂತೆ.

ಆ ಚಳಿಗಾಲದಲ್ಲಿ ಅತ್ತೆಯ ಹೃದಯ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಒಬ್ಬರಿಗೇ ಪ್ರವೇಶ. ವಸುಧಾ ಮಾಸ್ಕು, ಶೀಲ್ಡು ಹಾಕಿಕೊಂಡೇ ಒಳಗೆ ಹೋದಳು. ನಾನು ಹೊರಗೆ ಕಾರಿನಲ್ಲಿ ಕೂತಿದ್ದೆ. "ಅದನ್ನ ತಗೀಯವ್ವಾ, ಒಮ್ಮೆ ಮಾರಿ ನೋಡ್ತೀನಿ" ಎಂದರಂತೆ ಅತ್ತೆ. ತೆಗೆಯುವ ಹಾಗಿರಲಿಲ್ಲ, ನರ್ಸ್ ಬಾಗಿಲಲ್ಲೇ ನಿಂತಿದ್ದಳು. ಇವಳು ಬಗ್ಗಿದಳು. ಕುಂಕುಮವಿಲ್ಲದ ಬೆರಳನ್ನೇ ಅತ್ತೆ ಆ ಶೀಲ್ಡಿನ ಮೇಲೆ, ದಿನವೂ ಇಡುತ್ತಿದ್ದ ಜಾಗದಲ್ಲಿ ಇಟ್ಟರು. ಸಂಜೆಯ ಹೊತ್ತಿಗೆ ಹೋಗಿಬಿಟ್ಟರು. "ಒಂದು ನಿಮಿಷ ತಗೀಬಹುದಿತ್ತಲ್ರೀ" ಎಂದು ವಸುಧಾ ಇವತ್ತಿಗೂ ಕೇಳುತ್ತಾಳೆ. ನಾನು ಕಾಫಿ ಮಾಡಿ ಕೊಡುತ್ತೇನೆ.

ಈಗ ಮನೆಯಲ್ಲಿ ಯಾರೂ ಶೀಲ್ಡ್ ಹಾಕುವುದಿಲ್ಲ. ಆದರೂ ಕೆಲಸಕ್ಕೆ ಹೊರಡುವಾಗ ವಸುಧಾ ಬಾಗಿಲ ಬಳಿ ಒಂದು ಗಳಿಗೆ ನಿಲ್ಲುತ್ತಾಳೆ, ಯಾರೋ ಒಳಗಿನಿಂದ ಬರಬೇಕು ಎಂಬಂತೆ. ಮೊನ್ನೆ ಹಾಗೆ ನಿಂತವಳನ್ನು ನೋಡಿಯೇ ನಾನು ಲ್ಯಾಬಿಗೆ ಹೋದೆ. ಶೀಲ್ಡ್ ಹಾಕಿಕೊಂಡು ಸಾರಜನಕ ಸುರಿಯುತ್ತಿದ್ದಾಗ ಇದ್ದಕ್ಕಿದ್ದಂತೆ ಅಳು ಬಂತು. ಕಣ್ಣೆದುರು ಎಲ್ಲ ಮಂಜು ಮಂಜು. ಪಾತ್ರೆ ಕೆಳಗಿಟ್ಟು, ಟಿಶ್ಯೂ ತೆಗೆದು ಶೀಲ್ಡನ್ನು ಗಸಗಸ ಉಜ್ಜಿದೆ. ಹೋಗಲಿಲ್ಲ. ಮತ್ತೆ ಉಜ್ಜಿದೆ. ಪಕ್ಕದಲ್ಲಿದ್ದ ಸಹೋದ್ಯೋಗಿ ನನ್ನನ್ನೇ ನೋಡುತ್ತಿದ್ದವಳು, "ಒದ್ದೆಯಾಗಿರೋದು ಹೊರಗಲ್ಲ. ಮೊದಲು ಅದನ್ನ ತೆಗಿ" ಎಂದು ಮೆಲ್ಲಗೆ ಹೇಳಿದಳು.

ಅತ್ತೆ ಅಲ್ಲಿದ್ದಿದ್ದರೆ ಹೊಟ್ಟೆ ಹುಣ್ಣಾಗುವಂತೆ ನಕ್ಕು, "ಅಳಿಯಂದ್ರ, ಅದು ಪ್ಲಾಸ್ಟಿಕ್ಕು!" ಎನ್ನುತ್ತಿದ್ದರು.