ಓಣಿಯ ಕೂಸೆಲ್ಲ ತೂಗಿದ ಮೇಲೆ

ತಂಟೆ ಶುರುವಾದದ್ದು ಹೊಗೆಯಿಂದ.

ಹಳಿಯಾಳದ ಅಂಚಿನ ಆ ಓಣಿಯಲ್ಲಿ ಅತ್ತೆಯ ಮನೆಯ ಹೊಸ್ತಿಲು ದಾಟುತ್ತಲೇ ರುದ್ರೇಶನ ಮೂಗಿಗೆ ಲೋಬಾನದ ವಾಸನೆ ಬಡಿಯಿತು. ಒಂದು ಗಳಿಗೆ ಅವನು ಮತ್ತೆ ಹುಡುಗನಾಗಿ ದಾಂಡೇಲಿಯ ಬಂಗೂರನಗರದ ತನ್ನ ಹಳೆಯ ಮನೆಯಲ್ಲಿದ್ದ. ತಂಗಿ ಹುಟ್ಟಿದ ಹೊಸತು. ಹಂಡೆಯಲ್ಲಿ ಕುದಿಯುವ ನೀರು, ಎರಡೂ ಕಾಲು ಚಾಚಿ ಕೂತ ಅಜ್ಜಿ, ಆ ಕಾಲುಗಳ ಮೇಲೆ ಎಣ್ಣೆ ಹಚ್ಚಿಸಿಕೊಂಡು ಮಿರಮಿರ ಮಿಂಚುವ ಕೂಸು, ಕಾಗದದ ಮಿಲ್ಲಿನ ಸೈರನ್ನಿಗೂ ಸೋಲದ ಅದರ ಅಳು. ಎರೆದಾದ ಮೇಲೆ ಅಜ್ಜಿ ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅವನ ತೊಡೆಯ ಮೇಲೆ ಮಲಗಿಸುತ್ತಿದ್ದಳು. "ಅಳ್ಳಾಡಬ್ಯಾಡ ನೋಡು, ನೀ ಈಗ ತೊಟ್ಟಲಾ ಆಗೀದಿ," ಎನ್ನುತ್ತಿದ್ದಳು. ಅವನು ಉಸಿರನ್ನೂ ಸಣ್ಣಗೆ ಬಿಡುತ್ತ ಕೂತಿರುತ್ತಿದ್ದ.

ಮರುಗಳಿಗೆಗೆ ಅವನು ನರ್ಸ್ ಆದ. ದಾಂಡೇಲಿಯ ಆಸ್ಪತ್ರೆಯೊಂದರಲ್ಲಿ ಹಸುಗೂಸುಗಳ ವಾರ್ಡಿನಲ್ಲಿ ಅವನ ಕೆಲಸ.

"ಅತ್ತಿಯವರ, ಕೂಸಿನ ಕೋಣ್ಯಾಗ ಹೊಗಿ ಹಾಕಬ್ಯಾಡ್ರಿ ಅಂತ ಫೋನಿನ್ಯಾಗ ಎಷ್ಟ ಸಲ ಹೇಳೀನಿ? ಅದರ ಎದಿ ಇನ್ನೂ ಹಸಿ ಇರತೈತಿ."

ಅತ್ತೆ ಶಿವಗಂಗವ್ವ ಅಗ್ಗಿಷ್ಟಿಗೆಯನ್ನು ಎತ್ತಿ ತಂದು ಹೊರಗಿನ ಕಟ್ಟೆಯ ಮೂಲೆಯಲ್ಲಿ ಇಟ್ಟಳು. "ಆತ್ರಿ. ನೀವು ಹೇಳಿದ್ದು ಒಂದೂ ಮೀರಿಲ್ಲ. ಶೀತ ಆಗಿ ಶೀನೂವರನ್ನ ಹತ್ತರ ಬಿಡಬ್ಯಾಡ ಅಂದ್ರಿ, ನನ್ನ ಒಡಹುಟ್ಟಿದ ತಂಗೀನ ಬಾಗಲದಿಂದ ಹೊಳ್ಳಿ ಕಳಿಸೇನಿ. ಕೈ ತೊಳದು ಮುಟ್ರಿ ಅಂದ್ರಿ, ಸಬಕಾರ ಸವದು ಹಾಳಿ ಆಗೈತಿ."

"ಹಂಗಾರ ಕೂಸಿನ್ನ ತರ್ರಿ, ಎತ್ತಿಕೊಳ್ತೇನಿ."

"ಅಯ್ಯ! ಅದೆಂಗ ಆಕ್ಕೈತ್ರಿ?" ಶಿವಗಂಗವ್ವ ಸೆರಗು ಸರಿಮಾಡಿಕೊಂಡಳು. "ನಮ್ಮ ಮನಿತನದಾಗ ತೊಟ್ಟಲದಾಗ ಹಾಕೂತನಕ ಗಂಡಸರು ಕೂಸು ಎತ್ತೂ ಹಂಗಿಲ್ಲ. ಗಂಡಸರ ಕೈ ಬಿರಸು, ಕೂಸಿನ ಎಲುವು ಬೆಣ್ಣಿ. ನಿಮ್ಮ ಮಾವನೂ ಮುಟ್ಟಿಲ್ಲ. ಕೇಳ್ರಿ ಬೇಕಾರ."

ಮಿಲ್ಲಿನಿಂದ ನಿವೃತ್ತನಾಗಿದ್ದ ಮಾವ ಕರಿಬಸಪ್ಪ ತಲೆ ತಗ್ಗಿಸಿಕೊಂಡು, "ಇಲ್ರಿ, ಮುಟ್ಟಿಲ್ಲ," ಎಂದ. ಗದ್ದೆಯ ಕಡೆ ಹೋಗಿ ಬರುತ್ತೇನೆಂದು ಹಿತ್ತಲ ಬಾಗಿಲಿನತ್ತ ನಡೆದ.

ರುದ್ರೇಶನಿಗೆ ಅಳು ಬರುವುದೊಂದು ಬಾಕಿ. ಹೆಂಡತಿ ಹಡೆದ ದಿನ ಅವನು ಡ್ಯೂಟಿಯಲ್ಲಿದ್ದ. ರಜೆ ಸಿಗುವಷ್ಟರಲ್ಲಿ ತಾಯಿ ಮಗಳು ತವರು ಸೇರಿದ್ದರು. ಸಿಕ್ಕಿದ್ದು ಇವತ್ತಿನ ಒಂದು ದಿನ, ಸಂಜೆಯ ಬಸ್ಸಿಗೆ ಮತ್ತೆ ವಾಪಸು. ಕಂಡವರ ಕೂಸುಗಳನ್ನೆಲ್ಲ ಎತ್ತಿ, ತೂಗಿ, ತೇಗಿಸಿದ ಅವನ ಕೈಗೆ ತನ್ನ ಮಗಳು ಮಾತ್ರ ಸಿಕ್ಕಿರಲಿಲ್ಲ. ಸಕ್ಕರೆ ಕಾಯಿಲೆ ಬಂದ ಮಿಠಾಯಿ ಅಂಗಡಿಯವನ ಪಾಡು.

ಬಾಣಂತಿ ಕೋಣೆಯ ಕಿಟಕಿಯಿಂದ ಹೆಂಡತಿ ಪೂರ್ಣಿಮಾ ಪಿಸುಗುಟ್ಟಿದಳು. "ರೀ, ಅಪ್ಪ ಅಂತ ಕೇಳಬ್ಯಾಡ್ರಿ. ನರ್ಸ್ ಅಂತ ಕೇಳ್ರಿ."

ಅವನ ಮುಖ ಅರಳಿತು. ಚೀಲದಿಂದ ಥರ್ಮಾಮೀಟರು, ಕೂಸು ತೂಗುವ ಜೋಳಿಗೆ ತಕ್ಕಡಿ ತೆಗೆದು ಗಂಟಲು ಸರಿಮಾಡಿಕೊಂಡ. "ಅತ್ತಿಯವರ, ಕೂಸಿನ ತೂಕ, ಮೈಬಿಸಿ, ಉಸಿರು, ಹೊಕ್ಕಳ, ಮೈ ಹಳದಿ ಆಗೇತೇನು, ಎಲ್ಲಾ ನೋಡಬೇಕ್ರಿ. ಇದು ಡ್ಯೂಟಿ."

ಶಿವಗಂಗವ್ವ ಯೋಚಿಸಿದಳು. "ಡ್ಯೂಟಿ ಅಂದಮ್ಯಾಲ ಒಲ್ಲೆ ಅನ್ನಾಕ ಬರಂಗಿಲ್ಲ. ಆದ್ರ ನಮ್ಮ ಕೂಸು ಒಂದ ತೂಗಿದ್ರ ಓಣಿ ಕಣ್ಣೆಲ್ಲಾ ಅದರ ಮ್ಯಾಲ ಬೀಳತಾವ. ಎಲ್ಲಾರ ಕೂಸೂ ತೂಗ್ರಿ. ನಮ್ಮದು ಕಡೀಕ."

ಎದುರುಮನೆಯ ನೀಲಕ್ಕನ ಕಿವಿಗೆ ಇಷ್ಟೇ ಸಾಕಾಯಿತು. ರುದ್ರೇಶ ತಕ್ಕಡಿಯನ್ನು ಕಟ್ಟೆಯ ಮೇಲಿನ ತೊಲೆಗೆ ಕಟ್ಟುವಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಸಂತೆಯ ಹಾಗೆ ನೆರೆದಿದ್ದರು.

ಮೊದಲನೆಯದು ನೀಲಕ್ಕನ ಮೊಮ್ಮಗ. ಈ ಬಿಸಿಲಿನಲ್ಲೂ ಕುಂಚಿಗೆ, ಕಾಲುಚೀಲ, ಮೇಲೆ ಎರಡು ಶಾಲು. ಈರುಳ್ಳಿ ಸುಲಿದಂತೆ ಸುಲಿದಾಗ ಬೆವೆತ ಪುಟ್ಟ ದೇಹವೊಂದು ಹೊರಬಂದು ನಿಟ್ಟುಸಿರು ಬಿಟ್ಟಿತು. ರುದ್ರೇಶ ಅದರ ಹೊಟ್ಟೆಯನ್ನೇ ನೋಡುತ್ತ ಗಡಿಯಾರ ಹಿಡಿದು ಉಸಿರು ಎಣಿಸತೊಡಗಿದ.

"ಏನ್ ಎಣಿಸಾಕ ಹತ್ತೀರಿ?" ನೀಲಕ್ಕ ಬಗ್ಗಿದಳು.

"ಉಸರು. ಒಂದು ನಿಮಿಷ ಸುಮ್ಮನಿರ್ರಿ."

"ಸುಮ್ಮನ ಅದೀನಲ್ರಿ? ಏ ಸತ್ತೆವ್ವಾ, ಸುಮ್ಮನಿರಬೇಕಂತವಾ! ಉಸರು ಎಣಿಸಾಕ ಹತ್ಯಾರ."

ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ. ಈ ಸಲ ಸರತಿಯಲ್ಲಿದ್ದ ಸತ್ತೆವ್ವ, "ಇವರು ಲೆಕ್ಕ ತಪ್ಪಿದ್ರಂತ ಕಾಣತೈತಿ," ಎಂದು ಪಕ್ಕದವಳಿಗೆ ಹೇಳಿದಳು, ಅದರಿಂದ ನಿಜಕ್ಕೂ ತಪ್ಪಿತು. ಮೂರನೆಯ ಸಲ ಎಲ್ಲರೂ ಬಾಯಿಗೆ ಸೆರಗು ಹಿಡಿದು ನಿಂತರು. ಆಗ ಕೂಸೇ ಅವನ ಅಂಗಿಯ ಮೇಲೆ ಉಚ್ಚೆ ಹೊಯ್ದಿತು.

"ಶುಭರೀ, ಶುಭ!" ಓಣಿ ಒಕ್ಕೊರಲಿನಿಂದ ಕೂಗಿತು.

ಆಮೇಲೆ ಸತ್ತೆವ್ವ ಕಬ್ಬಿನ ಗಣಿಕೆ ಚೀಪುತ್ತಿದ್ದ ಮಗನನ್ನು ತಂದು ಜೋಳಿಗೆಯಲ್ಲಿ ಕೂರಿಸಿದಳು.

"ಇದು ಹಸುಗೂಸಲ್ಲವ್ವಾ. ಹಲ್ಲು ಬಂದಾವ."

"ನನಗ ಇನ್ನೂ ಹಸುಗೂಸ ಅದರೀ. ಕಬ್ಬ ಸೈತ ತೂಗ್ರಿ, ಬಿಡೂದಿಲ್ಲ ಅಂವಾ."

ಶಿವಗಂಗವ್ವ ಜನರನ್ನು ಸರತಿಗೆ ಹಚ್ಚುವುದರಲ್ಲಿ ಮುಳುಗಿದ್ದಳು. ಅಳಿಯನ ಪ್ರತಾಪ ನೋಡಿ ಅವಳ ಮುಖ ಹೊಸ ತಂಬಿಗೆಯಂತೆ ಹೊಳೆಯುತ್ತಿತ್ತು. ನಡುವೆ ಕೋಣೆಯಿಂದ ಯಾರೋ ಜೋಗುಳ ಗುನುಗಿದ್ದು ರುದ್ರೇಶನಿಗೆ ಕೇಳಿತು. ದನಿ ಗಡುಸಾಗಿತ್ತು. ಪಾಪ, ಪೂರ್ಣಿಮಾಳ ಗಂಟಲು ಕಟ್ಟಿದೆ, ಬಿಸಿನೀರು ಕುಡಿಯಲು ಹೇಳಬೇಕು ಅಂದುಕೊಂಡ.

ಬಿಸಿಲು ಇಳಿಯತೊಡಗಿದಾಗ ಮುದುಕ ಮಹಾಂತಪ್ಪ ಆಡಿನ ಮರಿಯೊಂದನ್ನು ಎದೆಗವಚಿಕೊಂಡು ಬಂದ.

"ಯಜ್ಜಾ, ಇದು ಆಡು!"

"ನನಗೂ ಗೊತ್ತೈತ್ರಿ. ಇವತ್ತ ಮುಂಜಾನಿ ಹುಟ್ಟೈತಿ. ನೋಡಾಕ ಹೋದ್ರ ಈ ಸಾಲಿನ್ಯಾಗ ಇದ ಎಲ್ಲಾರಕಿಂತ ಹಸುಗೂಸು."

ವಾದ ಮಾಡಿದರೆ ಬಸ್ಸು ತಪ್ಪುತ್ತದೆ. ರುದ್ರೇಶ ಮರಿಯನ್ನೂ ತೂಗಿದ, ಹೊಕ್ಕುಳನ್ನೂ ನೋಡಿದ. ಆಮೇಲೆ ಒದ್ದೆ ಅಂಗಿ ಕಳಚಿ ಮಾವನದೊಂದು ಅಂಗಿ ತೊಟ್ಟ. ಮೊಣಕೈವರೆಗೆ ಕೈ ತೊಳೆದುಕೊಂಡು, ಕಟ್ಟೆಯ ಮೇಲೆ ಎರಡೂ ತೋಳು ಚಾಚಿ ನಿಂತ.

"ಈಗರ ತರ್ರಿ ಅತ್ತಿಯವರ."

ಶಿವಗಂಗವ್ವ ಒಳಗೆ ಹೋಗಿ ಹಳೆಯ ಸೀರೆಯಲ್ಲಿ ಸುತ್ತಿದ ಕೂಸನ್ನು ತಂದಳು. ಓಣಿ ತಾನಾಗಿ ಸುಮ್ಮನಾಯಿತು. ಹಣೆಯಲ್ಲಿ ಕಾಡಿಗೆ, ಮುಷ್ಟಿ ಬಿಗಿಹಿಡಿದ ನಿದ್ದೆ. ತಂಗಿಯ ಮುಖವೇ ಅನಿಸಿತು ರುದ್ರೇಶನಿಗೆ. ಅವನ ಬೆರಳಿನ ತುದಿ ಇನ್ನೇನು ಸೀರೆಗೆ ತಗಲಬೇಕು, ಗಾಳಿ ತಿರುಗಿತು. ಮೂಲೆಯಲ್ಲಿ ಇನ್ನೂ ಆರದ ಅಗ್ಗಿಷ್ಟಿಗೆಯ ಹೊಗೆ ನೆಟ್ಟಗೆ ಮೂಗಿಗೆ ನುಗ್ಗಿತು.

"ಆ... ಆ... ಆಕ್ಷೀ!"

ಶಿವಗಂಗವ್ವ ಹಾವು ಕಂಡವಳಂತೆ ಹಿಂದೆ ಸರಿದಳು. "ಶಿವ ಶಿವಾ! ನಿಮಗ ಶೀತ ಆಗೈತಿ!"

"ಶೀತ ಅಲ್ರಿ, ಅದು ಹೊ... ಆಕ್ಷೀ! ಹೊಗಿ!"

"ಹೊಗಿ ಹೊರಗಿಡು ಅಂದವರು ಯಾರ್ರಿ? ಶೀನೂವರನ್ನ ಬಿಡಬ್ಯಾಡ ಅಂದವರು ಯಾರ್ರಿ? ತಂಗೀನ ಹೊಳ್ಳಿ ಕಳಿಸಿ ಅಳಿಯನ್ನ ಬಿಟ್ರ ಆಕಿ ನನ್ನ ಮಾರಿ ನೋಡತಾಳೇನು?"

"ನೀವ ಹೇಳ್ರಿ," ನೀಲಕ್ಕ ನ್ಯಾಯಕ್ಕೆ ಇಳಿದಳು. "ಹಿಂಗ ಶೀನಕೋತ ಬಂದ ಅಪ್ಪನ್ನ ನಿಮ್ಮ ದವಾಖಾನ್ಯಾಗ ಬಿಡತಿದ್ರೇನು?"

ರುದ್ರೇಶ ಬಾಯಿ ತೆರೆದ. ಬಿಡುತ್ತಿರಲಿಲ್ಲ. ಎಷ್ಟೋ ಅಪ್ಪಂದಿರನ್ನು ಅವನೇ ಬಾಗಿಲ ಹೊರಗೆ ನಿಲ್ಲಿಸಿದ್ದ. ಉತ್ತರದ ಬದಲು ಇನ್ನೊಂದು ಸೀನು ಬಂತು. ಬಾಗಿಲು ಮುಚ್ಚಿತು.

ಬಸ್ಸಿನ ತನಕ ಚೀಲ ಹಿಡಿದು ಬಂದವನು ಕರಿಬಸಪ್ಪ.

"ಗದ್ದಿ ಹೆಂಗೈತ್ರಿ ಮಾವಾರ?" ದಾರಿಯಲ್ಲಿ ರುದ್ರೇಶ ಕೇಳಿದ.

"ಯಾವ ಗದ್ದಿ?" ಎಂದ ಕರಿಬಸಪ್ಪ. ಆಮೇಲೆ ಹಿಂದೆ ಮುಂದೆ ನೋಡಿ ಮೆಲ್ಲಗೆ ನಕ್ಕ. ಅವನ ಕೈಗಳಿಂದ ಸಬಕಾರದ ವಾಸನೆ ಬರುತ್ತಿತ್ತು. ಧೋತರದ ತೊಡೆಯ ಮೇಲೆ ಅಂಗೈಯಗಲ ಒದ್ದೆ ಇತ್ತು.

ರುದ್ರೇಶ ನಿಂತುಬಿಟ್ಟ. "ಮಾವಾರ... ಆ ಜೋಗಳಾ..."

"ನಾನ. ದಿನಾ ಬಾಣಂತಿಗೆ ಎರಿಯೂ ಹೊತ್ತಿನ್ಯಾಗ ಹಿತ್ತಲದಿಂದ ಹೊಕ್ಕು ಚೂರು ಎತ್ತಿಕೊಳ್ತೇನಿ. ಪೂರ್ಣಿಮಾ ಹುಟ್ಟಿದಾಗೂ ಹಿಂಗ ಮಾಡೀನಿ. ಆದ್ರ ಇವತ್ತಿನಂಥಾ ದಿನ ಸಿಕ್ಕಿರಲಿಲ್ಲ ಬಿಡ್ರಿ. ಪೂರ್ಣಿಮಾಗ ಜೋರ ನಿದ್ದಿ, ನಿಮ್ಮ ಅತ್ತಿನೂ ಹೊರಗ, ಓಣಿ ಹೆಂಗಸರೂ ಹೊರಗ! ಮಧ್ಯಾಹ್ನೆಲ್ಲಾ ನನ್ನ ತೊಡಿ ಮ್ಯಾಲ ಮಲಗಿತ್ತು. ನಾ ಒಂಚೂರೂ ಅಳ್ಳಾಡಲಿಲ್ಲ."

ರುದ್ರೇಶನಿಗೆ ಅಜ್ಜಿಯ ಮಾತು ನೆನಪಾಯಿತು. ಬಂದ ಸಿಟ್ಟು ಅಲ್ಲೇ ಇಂಗಿತು. "ನನಗ್ಯಾಕ ಒಂದ ಮಾತು ಹೇಳಲಿಲ್ರಿ?"

"ನೀವು ಬಂದಕೂಡ್ಲೆ ಬಾಯಿಬಿಟ್ಟು ಕೇಳಿದ್ರಲ್ಲಾ. ಈ ಮನ್ಯಾಗ ಕೇಳಿದವರಿಗೆ ಇಲ್ಲ ಅಂತಾರ."

ದಾಂಡೇಲಿಯ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ರುದ್ರೇಶ ಇನ್ನೊಂದು ಸಲ ಸೀನಿ, ಹತ್ತಿ ಕೂತ. ಕರಿಬಸಪ್ಪ ಕಿಟಕಿಯಿಂದ ಚೀಲ ಕೊಟ್ಟು, ಅದರ ಮೇಲೆ ಅಕ್ಕರೆಯಿಂದ ಕೈಯಾಡಿಸಿದ.

"ಮುಂದಿನ ರಜಾಕ್ಕ ಬರ್ರಿ ಅಳಿಯಂದಿರ. ಬರುವಾಗ ಆ ತಕ್ಕಡಿ ಮಾತ್ರ ಮರೀಬ್ಯಾಡ್ರಿ."